ಖಾಲಿ ಅಂತ ಅವರು ಹೇಳುತ್ತಿರಲಿಲ್ಲ

"ಖಾಲಿ ಐತಿ ಅಂತ ನಾ ಹೇಳಂಗಿಲ್ಲ ತಂಗಿ. ನೀನ ನೋಡು."

ಪಿಸ್ತೂಲನ್ನು ಯಾರ ಕೈಗೆ ಕೊಡುವಾಗಲೂ ಅವರು ಈ ಮಾತು ಹೇಳುತ್ತಿದ್ದರು. ಮೊದಲು ಕೆಳಗಿನಿಂದ ಗುಂಡು ತುಂಬುವ ಮ್ಯಾಗಜೀನ್ ತೆಗೆದು ಮೇಜಿನ ಮೇಲಿಡುವರು. ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಅಲ್ಲೇ ನಿಲ್ಲಿಸಿ, ಗುಂಡು ಕೂರುವ ಗೂಡಿನೊಳಗೆ ಇಣುಕಿ, ಕಿರುಬೆರಳು ಹಾಕಿ ಸವರಿ, ಮತ್ತೊಮ್ಮೆ ಇಣುಕುವರು. ಕಿವಿಯ ಡಾಕ್ಟರು ಕಿವಿಯೊಳಗೆ ನೋಡುವಂತೆ ತಲೆ ಓರೆ ಮಾಡಿಕೊಂಡು. ಇಷ್ಟೆಲ್ಲ ಮಾಡಿದ ಮೇಲೂ ಬಾಯಲ್ಲಿ ಖಾಲಿ ಎಂಬ ಮಾತು ಬರುತ್ತಿರಲಿಲ್ಲ. ನಿಮ್ಮ ಕೈಗೆ ಕೊಟ್ಟು ನಿಮ್ಮ ಕಿರುಬೆರಳಿಗಾಗಿ ಕಾಯುತ್ತಿದ್ದರು.

ಅವರು ತೀರಿಕೊಂಡು ಒಂದು ತಿಂಗಳಾಯಿತು. ಎಪ್ಪತ್ಮೂರು ವಯಸ್ಸು, ಹೃದಯ, ಬೆಳಗಿನ ವಾಕಿಂಗ್. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಯಾರೋ "ಸದಾ ನಗುಮೊಗದ ಹಿರಿಯರು" ಎಂದು ಬರೆದಿದ್ದರು. ಅವರು ಸದಾ ನಗುತ್ತಿರಲಿಲ್ಲ. ಅದನ್ನು ತಿದ್ದಬೇಕೆಂದು ಫೋನು ಹಿಡಿದವಳು ಬಿಟ್ಟೆ. ಈಗ ಇಲ್ಲಿ ತಿದ್ದುತ್ತಿದ್ದೇನೆ.

ಡೆಟ್ರಾಯ್ಟ್ ಸುತ್ತಲಿನ ನಮ್ಮ ಕನ್ನಡದ ಮಕ್ಕಳು ಅವರನ್ನು ಗನ್ ಅಂಕಲ್ ಎನ್ನುತ್ತಿದ್ದರು. ದೊಡ್ಡವರೂ ಹಾಗೇ, ಆದರೆ ದನಿ ತಗ್ಗಿಸಿ. ಹುಬ್ಬಳ್ಳಿ ಕಡೆಯವರು. ಲಿವೋನಿಯಾದ ಗೇರ್ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾಗಿದ್ದರು. ಹಿಂದೆ ಯಾವುದೋ ಚಳಿಗಾಲದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಯಾರೋ ಅವರ ಕುತ್ತಿಗೆಗೆ ಚಾಕು ಇಟ್ಟಿದ್ದರಂತೆ. ಅದಾದ ಮೇಲೆ ಮೊದಲ ಪಿಸ್ತೂಲು ಕೊಂಡರಂತೆ. ನಾನು ಕಂಡದ್ದು ಸಂಘದ ಕಾರ್ಯಕ್ರಮ ಮುಗಿದ ಮೇಲೆ, ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಹೊತ್ತಿನಲ್ಲಿ, ಒಬ್ಬರೇ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದ ಕುಳ್ಳನೆಯ ಮನುಷ್ಯನನ್ನು. ಅದನ್ನೂ ಹತ್ತು ಹತ್ತು ಕುರ್ಚಿಗಳ ಸಾಲಾಗಿ.

ಈ ಊರಿಗೆ ಬಂದು ಎರಡು ವರ್ಷ ಅವರನ್ನು ನೋಡಿದ್ದೆ, ಮಾತಾಡಿಸಿರಲಿಲ್ಲ. ಮಾತಾಡಿಸುವ ಕಾರಣ ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಬಂತು.

ಅದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೆಲಸ ಮುಗಿಸಿ ಮನೆ ಹತ್ತಿರದ ಇಂಡಿಯನ್ ಗ್ರೋಸರಿಗೆ ಹೋಗಿದ್ದೆ. ಹಸಿಮೆಣಸಿನಕಾಯಿ ಆರಿಸುತ್ತಿದ್ದೆ. ಬೂದು ಬಣ್ಣದ ಹುಡ್ ಹಾಕಿದವನೊಬ್ಬ ಬಂದು ಕೌಂಟರಿನ ಆಂಟಿಯತ್ತ ಪಿಸ್ತೂಲು ಹಿಡಿದ. ಆಂಟಿ ಕೈಯೆತ್ತಿದರು. ಅವನು ಏನೋ ಕೂಗಿದ, ಅವರಿಗೆ ಅರ್ಥವಾಗಲಿಲ್ಲ. ಅವನು ಪಕ್ಕದ ಅಕ್ಕಿ ಮೂಟೆಗಳಿಗೆ ಒಂದು ಗುಂಡು ಹೊಡೆದ. ಗಲ್ಲಾಪೆಟ್ಟಿಗೆಯಲ್ಲಿದ್ದುದನ್ನು ಬಾಚಿಕೊಂಡು ಹೋದ. ಎಲ್ಲ ಸೇರಿ ನಲವತ್ತು ಸೆಕೆಂಡಂತೆ. ಪೊಲೀಸರು ಕ್ಯಾಮೆರಾ ನೋಡಿ ಹೇಳಿದರು. ಯಾರಿಗೂ ಏನೂ ಆಗಲಿಲ್ಲ. ಅವನು ಹೋದ ಮೇಲೆ ಅಂಗಡಿಯಲ್ಲಿ ಉಳಿದದ್ದು ಒಂದೇ ಶಬ್ದ: ತೂತಾದ ಮೂಟೆಯಿಂದ ಸೋನಾ ಮಸೂರಿ ನೆಲಕ್ಕೆ ಸುರಿಯುವುದು. ಬಹಳ ಹೊತ್ತು ಸುರಿಯಿತು.

ಆಮೇಲೆ ನನಗೆ ಪಾತ್ರೆಗೆ ಅಕ್ಕಿ ಸುರಿಯಲಾಗಲಿಲ್ಲ. ಮನೆಯಲ್ಲಿ ಅನ್ನಕ್ಕಿಡುವುದು ನನ್ನ ಗಂಡನ ಕೆಲಸವಾಯಿತು. ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ದಿನವಿಡೀ ಕಣ್ಣಿಗೆ ಕಾಣದ ಅಪಾಯಗಳನ್ನು ಎಣಿಸಿ ವರದಿ ಬರೆಯುತ್ತೇನೆ. ಕಣ್ಣಿಗೆ ಕಂಡ ಒಂದು ಅಪಾಯವನ್ನು ಮಾತ್ರ ತಲೆಯಿಂದ ಇಳಿಸಲಾಗಲಿಲ್ಲ. ಕಾರು ಓಡಿಸುವಾಗ, ಮಗಳ ಈಜು ಕ್ಲಾಸಿನ ಬೆಂಚಿನ ಮೇಲೆ, ಎಕ್ಸಿಟ್ ತಪ್ಪಿ ಮೂರು ಮೈಲಿ ಮುಂದೆ ಹೋದಾಗ, ಆ ನಲವತ್ತು ಸೆಕೆಂಡು ಮತ್ತೆ ಶುರು. ಪ್ರತಿ ಸಲ ಒಂದೇ ತಿದ್ದುಪಡಿ: ನನ್ನ ಕೈಯಲ್ಲಿ ಮೆಣಸಿನಕಾಯಿಯ ಬದಲು ಪಿಸ್ತೂಲಿರುತ್ತಿತ್ತು. ಪ್ರತಿ ಸಲ ನಾನು ಗುರಿ ತಪ್ಪುತ್ತಿರಲಿಲ್ಲ.

ಒಂದು ಪಿಸ್ತೂಲು ಕೊಳ್ಳುತ್ತೇನೆ, ಗುಂಡು ಹೊಡೆಯುವ ರೇಂಜಿನಲ್ಲಿ ಕಲಿಯುತ್ತೇನೆ, ಲೈಸೆನ್ಸ್ ಪಡೆದು ಜೊತೆಗೆ ಒಯ್ಯುತ್ತೇನೆ ಎಂದೆ. ನನ್ನ ಗಂಡ ಹೇಳಿದ: "ಹೊರಗೆ ಒಂದು ಹಾವು ಕಂಡ್ತು ಅಂತ ಮನೇಲಿ ಇನ್ನೊಂದು ಸಾಕ್ತೀಯಾ?"

"ನಿಂಗೆ ಹಾವು ಕಂಡಿಲ್ಲವಲ್ಲ," ಎಂದೆ.

ಗನ್ ಅಂಕಲ್‌ಗೆ ಫೋನ್ ಮಾಡಿದೆ.

ಅವರು ಧೈರ್ಯ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. "ನಾಳೆ ಶನಿವಾರ. ಹನ್ನೊಂದಕ್ಕ ಬಾ. ಉಗುರು ತಗದು ಬಾ," ಎಂದರು.

ಬಂದೂಕಿನ ಅಂಗಡಿಗೆ ಅವರೇ ಡ್ರೈವ್ ಮಾಡಿದರು, ಸ್ಪೀಡ್ ಲಿಮಿಟ್‌ಗಿಂತ ಐದು ಮೈಲಿ ಕಡಿಮೆ, ಹಿಂದಿನವರು ಹಾರ್ನ್ ಹೊಡೆದರೂ ಕೇಳಿಸದವರಂತೆ. ಏಪ್ರಿಲ್ ತಿಂಗಳಲ್ಲೂ ಕಿವಿ ಮುಚ್ಚುವ ಉಲನ್ ಟೋಪಿ. ಕೌಂಟರಿನ ಹಿಂದಿದ್ದ ಗಡ್ಡದ ತರುಣ ನನ್ನನ್ನು ನೋಡಿದವನೇ ಗಾಜಿನ ಕಪಾಟಿನಿಂದ ಅಂಗೈಯಗಲದ ಒಂದು ಪುಟ್ಟ ಪಿಸ್ತೂಲನ್ನು ತೆಗೆದ. ಹಿಡಿ ನೇರಳೆ ಬಣ್ಣದ್ದು. ಹೆಂಗಸರಿಗೆ ಇದೇ ಇಷ್ಟ, ಪರ್ಸಿನಲ್ಲಿ ಹಿಡಿಸುತ್ತದೆ ಎಂದ. ನಿಜ ಹೇಳಬೇಕೆಂದರೆ ನನಗೂ ಇಷ್ಟವಾಯಿತು. ಭಯವಿಲ್ಲದ ವಸ್ತುವಿನಂತೆ ಕಾಣುತ್ತಿತ್ತು.

ಅಂಕಲ್ ಕನ್ನಡದಲ್ಲಿ ಹೇಳಿದರು: "ಬಳಿಗಾರ ಮೊದಲ ಏನ್ ನೋಡತಾನ? ಕೈ ಹಿಚುಕಿ ನೋಡತಾನ. ಬಣ್ಣಾ ಆಮ್ಯಾಲ. ಇದರ ಸ್ಲೈಡ್ ಎಳಿ."

ಎಳೆದೆ. ಅರ್ಧ ಬಂತು, ಜಾರಿ ಹೋಯಿತು. ಇನ್ನೊಮ್ಮೆ. ಬೆರಳ ಚರ್ಮ ಸಿಕ್ಕಿಕೊಂಡಿತು.

"ಸಣ್ಣದರ ಸ್ಪ್ರಿಂಗ್ ಬಿರುಸು. ಹಗುರ ಇದ್ದಷ್ಟೂ ಒದಿತೈತಿ. ಸಣ್ಣ ಕತ್ತಿ ಒದ್ದಂಗ." ಕತ್ತಿ ಎಂದರೆ ಅವರ ಕಡೆ ಕತ್ತೆ. ಆ ತರುಣ ಏನು ಹೇಳಿದರು ಎಂದು ನನ್ನನ್ನು ಕೇಳಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಕ್ಕು, ಅಜ್ಜ ಹೇಳಿದ್ದು ಸರಿ ಎಂದು ನೇರಳೆ ಪಿಸ್ತೂಲನ್ನು ಒಳಗಿಟ್ಟ.

ಅವತ್ತು ಕೊಳ್ಳಲಿಲ್ಲ. ಮುಂದಿನ ಮೂರು ಶನಿವಾರವೂ ಕೊಳ್ಳಲಿಲ್ಲ. ರೇಂಜಿನಲ್ಲಿ ಬಾಡಿಗೆಗೆ ಸಿಗುವ ಪಿಸ್ತೂಲುಗಳನ್ನು ಒಂದೊಂದಾಗಿ ತೆಗೆದುಕೊಂಡು ಹೊಡೆಸಿದರು. ಅವರ ಜೇಬಿನಲ್ಲಿ ಕಾರ್ಖಾನೆಯ ಕಾಲದ ಪುಟ್ಟ ನೋಟ್‌ಬುಕ್ ಇತ್ತು. ನನ್ನ ಕೈಯ ಬಗ್ಗೆ ಅದರಲ್ಲಿ ಬರೆದುಕೊಂಡರು. ಹೆಬ್ಬೆರಳು ಮ್ಯಾಗಜೀನ್ ಬಿಚ್ಚುವ ಗುಂಡಿಗೆ ಎಟುಕುತ್ತದೆಯೋ, ಹಿಡಿತ ಬದಲಿಸಬೇಕೋ. ಹತ್ತು ಗುಂಡಿನ ನಂತರ ಮಣಿಕಟ್ಟು ಹೇಗಿದೆ. ಮರುದಿನ ಬೆಳಿಗ್ಗೆ ಫೋನ್ ಮಾಡಿ "ಇವತ್ತ ಕೈ ನೋಯ್ತೇನು?" ಎಂದು ಕೇಳಿ ಅದನ್ನೂ ಬರೆದುಕೊಳ್ಳುತ್ತಿದ್ದರು. ಅವರ ಹೆಂಡತಿ, ನಮ್ಮ ಆಂಟಿ, ಹಿಂದಿನಿಂದ "ಆಕಿ ಏನ್ ನಿಮ್ಮ ಗೇರ್ ಬಾಕ್ಸೇನ್ರಿ?" ಎನ್ನುವುದು ಕೇಳಿಸುತ್ತಿತ್ತು.

ನನಗೆ ಆತುರ. ಒಂದೇ ಬೇಕು, ರೇಂಜಿಗೂ ಆಗಬೇಕು, ಸೊಂಟಕ್ಕೂ ಆಗಬೇಕು ಎಂದೆ.

"ರೇಂಜಿಗೆ ದೊಡ್ಡದು ಬೇಕ, ಸೊಂಟಕ್ಕ ಸಣ್ಣದು ಬೇಕ. ಎರಡಕ್ಕೂ ಒಂದ ಅಂದ್ರ ಮದುವಿಗೂ ಹೊಲಕ್ಕೂ ಒಂದ ಸೀರಿ ಉಟ್ಟಂಗ. ಉಡಬಹುದು. ಆದ್ರ ಎರಡೂ ಕಡೆ ಒಂಚೂರು ಕಿರಿಕಿರಿ ಅನಸ್ತೈತಿ. ನಿನಗ ಎಲ್ಲಿ ಕಿರಿಕಿರಿ ಆದ್ರ ನಡೀತೈತಿ?"

"ಸೊಂಟದಲ್ಲಿ," ಎಂದೆ.

ಅವರು ಮೊದಲ ಸಲ ಮೆಚ್ಚಿದಂತೆ ತಲೆಯಾಡಿಸಿದರು. ಕೊನೆಗೆ ಕೊಂಡದ್ದು ಮಧ್ಯಮ ಗಾತ್ರದ, ಒಂಬತ್ತು ಎಂಎಂನ, ನೋಡಲು ಇಸ್ತ್ರಿಪೆಟ್ಟಿಗೆಯಷ್ಟೇ ಆಕರ್ಷಕವಾದ ಒಂದು ಕಪ್ಪು ಪಿಸ್ತೂಲು. ಅದರ ಜೊತೆಗೆ, ಅದಕ್ಕಿಂತ ಹೆಚ್ಚು ಹೊತ್ತು ಆರಿಸಿ, ಬೀಗವಿರುವ ಒಂದು ಕಬ್ಬಿಣದ ಪೆಟ್ಟಿಗೆ. "ಪೆಟ್ಟಿಗಿ ಇಲ್ದ ಇದನ್ನ ಮನಿಗೆ ಒಯ್ಯಂಗಿಲ್ಲ. ನಿನ್ನ ಮಗಳು ಒಂಬತ್ತು ವರ್ಷದಾಕಿ. ಆ ವಯಸ್ಸಿನಾಗ ಅವರಿಗೆ ಗೊತ್ತಿರದ ಜಾಗ ಮನ್ಯಾಗ ಇರಂಗಿಲ್ಲ."

ರೇಂಜ್ ಎಂದರೆ ನನಗೆ ನೆನಪಾಗುವುದು ಮೊದಲ ದಿನ ಕಾದ ತೋಟಾದ ಸಿಪ್ಪೆ ಹಾರಿ ಬಂದು ನನ್ನ ಕುರ್ತಾದ ಕೊರಳೊಳಗೆ ಬಿದ್ದದ್ದು. ನಾನು ಕುಣಿದೆ. ಅವರು ತಕ್ಷಣ ನನ್ನ ಮಣಿಕಟ್ಟನ್ನು ಹಿಡಿದು ಪಿಸ್ತೂಲಿನ ಮೂತಿಯನ್ನು ಗುರಿಯ ಕಡೆಗೇ ನಿಲ್ಲಿಸಿದರು. "ಸುಟ್ಟರ ಸುಡ್ಲಿ. ಮೂತಿ ತಿರಗಬಾರದು." ಮರುವಾರದಿಂದ ಕಾಲರ್ ಇರುವ ಅಂಗಿ ಹಾಕಿಕೊಂಡು ಹೋದೆ.

ಇನ್ನೊಂದು, ಅವರು ಮಾಡುತ್ತಿದ್ದ ಒಂದು ಮೋಸ. ನನ್ನ ಮ್ಯಾಗಜೀನ್ ತುಂಬುವಾಗ ನನಗೆ ಕಾಣದಂತೆ ನಡುವೆ ಒಂದು ಸುಳ್ಳು ಗುಂಡು ಸೇರಿಸುತ್ತಿದ್ದರು, ಪ್ಲಾಸ್ಟಿಕ್‌ನದು, ಸಿಡಿಯದ್ದು. ಢಂ, ಢಂ ಎಂದು ಹೊಡೆಯುತ್ತಾ ಹೋಗಿ ಅದು ಬಂದಾಗ ಬರೀ ಟಿಕ್ ಎನ್ನುವುದು. ಆದರೆ ನನ್ನ ಕೈ ಗಕ್ಕನೆ ಕೆಳಗಿಳಿಯುವುದು, ಸಿಡಿದೇಬಿಟ್ಟಿತು ಎಂಬಂತೆ.

"ನೋಡಿದಿ? ಗುಂಡಿಲ್ಲದಾಗ ಅಲಗ್ಯಾಡಿದ್ದು ಬಂದೂಕಲ್ಲ. ನೀನು."

ಮುಗಿದ ಮೇಲೆ ತಣ್ಣೀರಿನಲ್ಲಿ ಸೋಪು ಹಾಕಿ ಮೊಳಕೈವರೆಗೆ ಕೈ ತೊಳೆಯಬೇಕು, ಸೀಸದ ಧೂಳು. ಅವರು ನಿಂತು ನೋಡುತ್ತಿದ್ದರು. ಆಮೇಲೆ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾನೆಟ್ ಮೇಲೆ ಸ್ಟೀಲ್ ಡಬ್ಬಿ ತೆರೆಯುವುದು: ಆಂಟಿ ಒಗ್ಗರಣೆ ಹಾಕಿದ ಚುರುಮುರಿ, ಮೇಲೆ ಶೇಂಗಾ ಚಟ್ನಿಪುಡಿ. ಪಕ್ಕದ ಟ್ರಕ್ಕುಗಳಿಂದ ಇಳಿಯುತ್ತಿದ್ದ ಟೋಪಿಯ ದೊಡ್ಡ ದೊಡ್ಡ ಗಂಡಸರಿಗೆ ಅವರ ಪರಿಚಯವಿತ್ತು. ಒಂದಿಬ್ಬರು ಬಂದು ಒಂದು ಹಿಡಿ ತೆಗೆದುಕೊಂಡು ಹೋಗುತ್ತಿದ್ದರು. ಅವರಿಗೂ "ಕೈ ತೊಳಕೊಂಡೀಯೇನು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು.

ಜೂನ್‌ನಲ್ಲಿ ಒಂದು ದಿನ, ರೇಂಜಿನ ದಾರಿ ಬಿಟ್ಟು ಕಾರನ್ನು ನನ್ನ ಆ ಗ್ರೋಸರಿ ಅಂಗಡಿಯ ಮುಂದೆ ತಂದು ನಿಲ್ಲಿಸಿದರು. ನಾನು ಮಾರ್ಚ್‌ನಿಂದ ಅಲ್ಲಿ ಕಾಲಿಟ್ಟಿರಲಿಲ್ಲ.

"ಅಂಕಲ್, ಬೇಡ."

"ಕಾರ್ಖಾನ್ಯಾಗ ಪಾರ್ಟ್ ಕೆಟ್ಟರ ನಾವು ರಿಪೋರ್ಟ್ ಓದತಿದ್ದಿಲ್ಲ. ಮಷೀನ್ ಮುಂದ ಹೋಗಿ ನಿಂದರತಿದ್ದೆವು. ಇಳಿ. ಕರಿಬೇವು ತಗೋಬೇಕು, ಆಂಟಿ ಹೇಳ್ಯಾಳ."

ನಾನು ಮೆಣಸಿನಕಾಯಿಯ ಬುಟ್ಟಿಯ ಹತ್ತಿರ ನಿಂತೆ. ಅವರು ಒಂದು ಸೋರೆಕಾಯಿ ಎತ್ತಿಕೊಂಡು ಕೌಂಟರಿನ ಮುಂದೆ ನಿಂತು ಅದನ್ನು ಆ ಆಂಟಿಯತ್ತ ಹಿಡಿದರು. ಗುಜರಾತಿನ ಆ ಹೆಂಗಸು ಒಂದು ಕ್ಷಣ ಬೆಚ್ಚಿ, ಆಮೇಲೆ ಉಲನ್ ಟೋಪಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅವರು ಹಾಗೆ ನಕ್ಕದ್ದು ಆ ಘಟನೆಯಾದ ಮೇಲೆ ಅದೇ ಮೊದಲಂತೆ. ಆಕೆಯೇ ಆಮೇಲೊಮ್ಮೆ ನನಗೆ ಹೇಳಿದ್ದು.

"ನಗಲಿ," ಎಂದರು ಅಂಕಲ್. "ನೀ ನನ್ನ ನೋಡು ತಂಗಿ. ಈಗ ಹೊಡಿ ನನಗ. ಹೊಡದಿ? ನನ್ನ ಹಿಂದ ಏನೈತಿ?"

ಅವರ ಹಿಂದೆ ಗಾಜಿನ ಬಾಗಿಲು. ಬಾಗಿಲಾಚೆ ಪಾರ್ಕಿಂಗ್. ಪಾರ್ಕಿಂಗಿನಲ್ಲಿ ಬೂದು ಬಣ್ಣದ ವ್ಯಾನಿನಿಂದ ಯಾರೋ ಕಾರ್ ಸೀಟ್ ಇಳಿಸುತ್ತಿದ್ದರು. ಅದನ್ನು ನೋಡುತ್ತಿದ್ದಂತೆ ನನಗೆ ಒಂದು ನೆನಪಾಯಿತು, ಅಷ್ಟು ದಿನ ನನ್ನ ನಲವತ್ತು ಸೆಕೆಂಡುಗಳಲ್ಲಿ ಇರದಿದ್ದದ್ದು. ಅವತ್ತೂ ಬಾಗಿಲಾಚೆ ಒಬ್ಬರಿದ್ದರು. ಪೇಟ ಕಟ್ಟಿದ ಮುದುಕರು, ಹಿಡಿಕೆಗೆ ಕೈಯಿಟ್ಟು ಒಳಗೆ ಬರಬೇಕೆಂದಿದ್ದವರು, ಹಾಗೇ ಕಲ್ಲಾಗಿ ನಿಂತಿದ್ದರು. ಸರಿಯಾಗಿ ಅವನ ಹಿಂದೆ. ನೂರಾರು ಸಲ ನಾನು ಆ ಹುಡ್‌ನವನಿಗೆ ಹೊಡೆದಿದ್ದೆ. ಅವರು ಒಂದು ಸಲವೂ ಕಾಣಿಸಿರಲಿಲ್ಲ.

ನಾನು ಹೇಳಿದೆ. ಅಂಕಲ್ ಸೋರೆಕಾಯಿಯನ್ನು ಕೌಂಟರ್ ಮೇಲಿಟ್ಟರು. "ಇದನ್ನೂ ತೂಗ್ರಿ," ಎಂದರು. ಅಷ್ಟೇ. ಪಾಠ ಹೇಳಲಿಲ್ಲ.

ಹಾಗೆಂದು ನನ್ನ ಹಟ ಬಿಡಲಿಲ್ಲ. ಕ್ಲಾಸಿಗೆ ಹೋದೆ, ಕೌಂಟಿ ಕಚೇರಿಯಲ್ಲಿ ಬೆರಳಚ್ಚು ಕೊಟ್ಟೆ, ಅಕ್ಟೋಬರಿನಲ್ಲಿ ಜೊತೆಗೆ ಒಯ್ಯುವ ಕ್ಯಾರಿ ಲೈಸೆನ್ಸ್ ಬಂತು. ಅಂಕಲ್ ಹೇಳಿದ್ದು ಒಂದೇ: ಸೊಂಟಕ್ಕೆ, ಬೆಲ್ಟಿಗೆ, ಗಟ್ಟಿ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ. ಪರ್ಸಿನಲ್ಲಿ ಇಡಬಾರದು. "ಪರ್ಸು ನಿನ್ನ ಮೈಯ ಭಾಗ ಅಲ್ಲ. ಎಲ್ಲೋ ಇಡತಿ." ಆದರೆ ಚೂಡಿದಾರಕ್ಕೆ ಬೆಲ್ಟ್ ಎಲ್ಲಿ, ಸೀರೆಗೆ ಎಲ್ಲಿ? ನಾನು ಅವರಿಗೆ ಹೇಳದೆ, ಗಂಡನಿಗೂ ಹೇಳದೆ, ಪಿಸ್ತೂಲಿಗೆಂದೇ ಒಳಜೇಬಿರುವ ಒಂದು ಚರ್ಮದ ಕೈಚೀಲ ತರಿಸಿಕೊಂಡೆ. ಮೂರು ವಾರ ಅದು ನನ್ನ ಹೆಗಲಲ್ಲಿತ್ತು. ಆ ಮೂರು ವಾರ ನಾನು ಅನ್ನಕ್ಕೆ ಅಕ್ಕಿಯನ್ನೂ ಸುರಿದೆ.

ನವೆಂಬರಿನಲ್ಲಿ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಪರಿಚಿತ ಡಾಕ್ಟರೊಬ್ಬರ ಹೊಸ ಮನೆಯ ಸತ್ಯನಾರಾಯಣ ಪೂಜೆ. ಅಂಕಲ್ ನಮಗಿಂತ ಮೊದಲೇ ಬಂದಿದ್ದರು. ಚಳಿಗಾಲದಲ್ಲಿ ನಮ್ಮವರ ಮನೆಗೆ ಹೋದವರಿಗೆ ಗೊತ್ತು: ಶೂ ಗರಾಜಿನಲ್ಲಿ, ಕೋಟು ಮಹಡಿಯ ಮಲಗುವ ಕೋಣೆಯ ಮಂಚದ ಮೇಲೆ. ಬಾಗಿಲಲ್ಲಿ ಮನೆಯ ದೊಡ್ಡ ಮಗಳು ನಿಂತಿರುತ್ತಾಳೆ. "ಐ'ಲ್ ಟೇಕ್ ಯುವರ್ ಕೋಟ್, ಆಂಟಿ," ಎನ್ನುತ್ತಾಳೆ. ನಮ್ಮ ಎರಡೂ ಕೈಯಲ್ಲಿ ಹಣ್ಣಿನ ತಟ್ಟೆಯೋ ಕೋಸಂಬರಿಯ ಪಾತ್ರೆಯೋ ಇರುತ್ತದೆ. ನಾವು ಭುಜ ಕೊಡವಿ ಕೋಟು, ಶಾಲು, ಚೀಲ ಎಲ್ಲವನ್ನೂ ಅವಳ ತೋಳಿಗೆ ಇಳಿಸುತ್ತೇವೆ. ಈ ದೇಶಕ್ಕೆ ಬಂದ ಹದಿನಾಲ್ಕು ವರ್ಷವೂ ಹಾಗೇ ಮಾಡಿದ್ದೆ. ಅವತ್ತೂ ಹಾಗೇ ಮಾಡಿದೆ.

ಕತೆಯ ಮೂರನೆಯ ಅಧ್ಯಾಯ ನಡೆಯುತ್ತಿತ್ತು. ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೂತಿದ್ದೆ. ಬೆರಳ ಸಂದಿಯಿಂದ ನಾಲ್ಕು ಕಾಳು ಮರದ ನೆಲಕ್ಕೆ ಉದುರಿದವು. ಆ ಸಣ್ಣ ಶಬ್ದ. ಗ್ರೋಸರಿ ಅಂಗಡಿ ಶುರುವಾಯಿತು, ಹುಡ್‌ನವನು ಬಂದ, ನನ್ನ ಕೈ ಅಭ್ಯಾಸದಂತೆ ಹೆಗಲಿಗೆ ಹೋಯಿತು. ಹೆಗಲಲ್ಲಿ ಚೀಲವಿರಲಿಲ್ಲ.

ಮಹಡಿಯಿಂದ ಮಕ್ಕಳು ಕಿರುಚಿ ನಗುವುದು ಕೇಳುತ್ತಿತ್ತು. ಕೋಟುಗಳ ರಾಶಿಯಲ್ಲಿ ಅವಿತುಕೊಳ್ಳುವುದು ಅವರ ಆಟ. ನನ್ನ ಮಗಳೂ ಅಲ್ಲೇ ಇದ್ದಳು.

ಮೆಟ್ಟಿಲನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಕೋಣೆಯ ಬಾಗಿಲಿಗೆ ಒರಗಿ, ಯಾವುದೋ ಮಗುವಿನ ಗುಲಾಬಿ ಬಣ್ಣದ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಅಂಕಲ್ ಕೂತಿದ್ದರು. ಮಡಿಲಲ್ಲಿ ನನ್ನ ಚೀಲ. ಎರಡೂ ಕೈ ಅದರ ಮೇಲೆ. ಹಿಂದೆ ಕೋಟುಗಳು ಹಾರಾಡುತ್ತಿದ್ದವು.

"ಆ ಹುಡುಗಿ ತಗೊಂಡಾಗ ಹೆಗಲು ಜಗ್ಗಿತು," ಎಂದರು. "ಲಿಪ್‌ಸ್ಟಿಕ್‌ಗೆ ಹಂಗ ಜಗ್ಗಂಗಿಲ್ಲ."

ಮಗಳು ಯಾರದೋ ಕೋಟಿನ ತೋಳಿನಿಂದ ತಲೆ ಹೊರಹಾಕಿ, "ಅಮ್ಮಾ, ಆರ್ ಯೂ ಓಕೆ?" ಎಂದಳು.

"ಅವ್ವ ಆರಾಮ ಇದ್ದಾಳ, ನೀ ಆಡು," ಎಂದರು ಅವರು. ನನ್ನ ಕಡೆ ತಿರುಗಿ, "ನಡಿ, ಕಾರಿಗೆ."

ಅವರ ಕಾರಿನ ಡಿಕ್ಕಿಯಲ್ಲಿ ಒಂದು ಬೀಗದ ಪೆಟ್ಟಿಗೆ ಸದಾ ಇರುತ್ತಿತ್ತು. ನನ್ನ ಪಿಸ್ತೂಲಿನ ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಇಣುಕಿ, ಕಿರುಬೆರಳು ಹಾಕಿ, ನನ್ನ ಕೈಗೆ ಕೊಟ್ಟರು. ನನ್ನ ಕಿರುಬೆರಳು ಒಳಗೆ ಹೋಗುವವರೆಗೂ ಕಾದರು. ಬೀಗ ಹಾಕಿ ಬಂದು ಹೀಟರ್ ಹಚ್ಚಿ ಕೂತರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನಮ್ಮ ಮನ್ಯಾಗ ಖಂಡೇನವಮಿ," ಎಂದು ಶುರು ಮಾಡಿದರು. ನಾವು ಮೈಸೂರಿನವರು ಆಯುಧಪೂಜೆ ಎನ್ನುವುದನ್ನು ಅವರ ಕಡೆ ಹಾಗೆನ್ನುತ್ತಾರೆ. "ಹತ್ತೊಂಬತ್ತು ವರ್ಷಾತು. ದೇವರ ಮುಂದ ಮಣಿ ಮ್ಯಾಲ ಎಲ್ಲಾ ಇಟ್ಟಿದ್ದೆವು. ನನ್ನ ಅಳತಿ ಕ್ಯಾಲಿಪರ್, ನಿಮ್ಮ ಆಂಟಿ ಕತ್ರಿ, ಈಳಿಗಿ, ಕಾರಿನ ಕೀಲಿ. ಮಗಳು ಹನ್ನೊಂದು ವರ್ಷದಾಕಿ, ಆಕಿ ತನ್ನ ಕಂಪಾಸ್ ಪೆಟ್ಟಿಗಿ ಇಟ್ಳು. ನಾ ಪಿಸ್ತೂಲ್ ತಂದೆ. ನಿಮ್ಮ ಆಂಟಿ ಅಡಗಿಮನಿಯಿಂದ ಒದರಾಕತ್ತಿದ್ಳು, ಆರತಿ ಹೊತ್ತಾತು, ಬರ್ರಿ ಲಗೂನ ಅಂತ."

ಹೀಟರಿನ ಗಾಳಿಯನ್ನು ಒಂದು ಹಂತ ತಗ್ಗಿಸಿದರು.

"ಕ್ರಮ ತಪ್ಪಿತು ತಂಗಿ. ಮೊದಲ ಸ್ಲೈಡ್ ಎಳದೆ, ಆಮ್ಯಾಲ ಮ್ಯಾಗಜೀನ್ ತಗದೆ. ತಿಳೀತೇನು?"

ತಿಳಿಯಿತು. ಸ್ಲೈಡ್ ಎಳೆದಾಗ ಗೂಡಿನಲ್ಲಿದ್ದ ಗುಂಡು ಹೊರಬೀಳುತ್ತದೆ. ಬಿಟ್ಟ ಕೂಡಲೇ, ಕೆಳಗಿನ ಮ್ಯಾಗಜೀನಿನಿಂದ ಇನ್ನೊಂದು ಮೇಲೇರಿ ಅದೇ ಗೂಡಿನಲ್ಲಿ ಕೂರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದರೆ ಕೈಯಲ್ಲಿರುವುದು ಖಾಲಿ ಎನಿಸುವ, ಖಾಲಿಯಲ್ಲದ ಪಿಸ್ತೂಲು.

"ಒಂದ ಗುಂಡು ಹೊರಗ ಬಿದ್ದದ್ದು ಕಣ್ಣಾರೆ ಕಂಡೆ. ಮ್ಯಾಗಜೀನ್ ಕೈಯಾಗೈತಿ. ಮುವತ್ತು ವರ್ಷ ಮಂದಿ ತಪ್ಪು ಹಿಡದಾಂವ ನಾ. ಮಗಳು ಮುಟ್ಟಾಕ ಹೆದರಿದ್ಳು. ಅದಕ್ಕ ನಾನ ಹೇಳಿದೆ. ಖಾಲಿ ಐತಿ, ಏನಾಗಂಗಿಲ್ಲ, ಎತ್ತು, ಕುಂಕುಮಾ ಹಚ್ಚು ಅಂದೆ."

ಗುಂಡು ಅಡುಗೆಮನೆಯ ಗೋಡೆ ತೂರಿ ಹೋಗಿ ಹಿಂಬಾಗಿಲ ಚೌಕಟ್ಟಿನಲ್ಲಿ ನಿಂತಿತಂತೆ. ಆಂಟಿಯ ಮೊಣಕೈಯಿಂದ ಒಂದು ಗೇಣು ದೂರದಲ್ಲಿ. ಯಾರಿಗೂ ಏನೂ ಆಗಲಿಲ್ಲ. ಈ ಮಾತು ನನಗೂ ಗೊತ್ತು. ಯಾರಿಗೂ ಏನೂ ಆಗಲಿಲ್ಲ.

"ಮಗಳು ಅಳಲಿಲ್ಲ. ನನ್ನ ಮುಖಾ ನೋಡಿ, ಯೂ ಸೆಡ್ ಇಟ್ ವಾಸ್ ಎಂಪ್ಟಿ, ಅಪ್ಪಾ ಅಂದ್ಳು. ಅಲ್ಲೀತನಕಾ ನನ್ನ ಜೋಡಿ ಕನ್ನಡಾ ಮಾತಾಡತಿದ್ಳು. ಈಗ ಇಂಗ್ಲಿಷ್. ಅದಕ್ಕ ಅಂತಲ್ಲ, ಇಲ್ಲಿ ಎಲ್ಲಾ ಹುಡುಗರೂ ಆ ವಯಸ್ಸಿಗೆ ಇಂಗ್ಲಿಷಿಗೆ ತಿರಗತಾವು. ಖರೆ ನನಗ ಆ ದಿನದಿಂದ ಅಂತ ಅನಸ್ತೈತಿ."

ಆಮೇಲೆ ಒಳಗೆ ಹೋಗಿ ಪ್ರಸಾದ ತಿಂದೆವು. ಅವರು ಎರಡು ಸಲ ಹಾಕಿಸಿಕೊಂಡರು. ಇಂಥ ಹೊತ್ತಿನಲ್ಲೂ ಅವರಿಗೆ ಹಸಿವಾಗುತ್ತಿದ್ದುದನ್ನು ಕಂಡು ನನಗೆ ಆಗ ಸಿಟ್ಟು ಬಂದಿತ್ತು.

ಆ ಚೀಲವನ್ನು ನಾನು ಎಸೆದೆ. ಪಿಸ್ತೂಲನ್ನು ಮಾರಲಿಲ್ಲ. ಶನಿವಾರ ರೇಂಜು, ಉಳಿದ ದಿನ ಪೆಟ್ಟಿಗೆ. ಲೈಸೆನ್ಸ್ ಕಾರ್ಡು ಪರ್ಸಿನಲ್ಲಿ ಲೈಬ್ರರಿ ಕಾರ್ಡಿನ ಹಿಂದೆ. ಒಯ್ಯಲೋ ಬೇಡವೋ ಎಂದು ಅಂಕಲ್ ಅವರನ್ನು ಒಮ್ಮೆ ಕೇಳಿದೆ. "ಆ ಅಂಗಡ್ಯಾಗ ಹತ್ತು ನಿಮಿಷ ಬಾಗಿಲ ಕಡೆ ನೋಡದ ಭಾಜಿ ಆರಸಾಕ ಬಂದ ದಿನಾ ಕೇಳು," ಎಂದರು. "ಆವತ್ತು ನಿನಗ ಬೇಕಂತ ಅನಿಸಿದ್ರ, ಬೇಕು." ಅವರು ಇರುವವರೆಗೆ ನನಗೆ ನಾಲ್ಕು ನಿಮಿಷವಷ್ಟೇ ಆಗುತ್ತಿತ್ತು.

ಅವರು ಹೋದ ಮೇಲೆ ಅದೂ ಎರಡಕ್ಕಿಳಿಯಿತು. ಕಳೆದ ಶನಿವಾರ ಬೆಳಿಗ್ಗೆ ಪೆಟ್ಟಿಗೆ ತೆರೆದು, ಹೋಲ್‌ಸ್ಟರನ್ನು ಬೆಲ್ಟಿಗೆ ಸಿಕ್ಕಿಸಿ, ಮೇಲೆ ಅಂಗಿ ಎಳೆದು, ಕನ್ನಡಿಯ ಮುಂದೆ ನಿಂತಿದ್ದೆ. ಆಗ ಆಂಟಿಯ ಫೋನು ಬಂತು.

"ಬಾರವಾ. ಅವರ ಪೆಟ್ಟಿಗಿ ತಗೀಬೇಕು. ಸೋಮವಾರ ಬಂದೂಕಿನ ಅಂಗಡಿಯವರು ಬಂದು ಎಲ್ಲಾ ಒಯ್ತಾರಂತ. ನಾ ಮುಟ್ಟಂಗಿಲ್ಲ. ಮಗಳು ಬಂದಾಳ, ಆಕಿ ಆ ಖೋಲಿಗೇ ಬರವಲ್ಳು."

ಸೊಂಟದ ಮೇಲೆ ಕೈಯಿಟ್ಟು ನಿಂತೆ. ಆ ಮನೆಗೆ ಇದನ್ನು ಕಟ್ಟಿಕೊಂಡು ಹೋಗುವುದೇ? ಬಿಚ್ಚಿದೆ, ಇಣುಕಿದೆ, ಬೆರಳು ಹಾಕಿದೆ, ಪೆಟ್ಟಿಗೆಯಲ್ಲಿಟ್ಟೆ. ಬೀಗ ಹಾಕಿದೆನೋ ಇಲ್ಲವೋ ಎಂದು ಗರಾಜಿನಿಂದ ಎರಡು ಸಲ ವಾಪಸ್ ಬಂದು ನೋಡಿದೆ.

ಅವರ ಮಗಳು ಬೇರೆ ರಾಜ್ಯದ ಡೆಸ್ ಪ್ಲೇನ್ಸ್‌ನಿಂದ ಬಂದಿದ್ದಳು. ಅಲ್ಲಿ ಏರ್‌ಪೋರ್ಟ್ ಹತ್ತಿರದ ಯಾವುದೋ ಕಂಪನಿಯಲ್ಲಿ ಕೆಲಸ. ಮೂವತ್ತು ದಾಟಿದ ಹೆಣ್ಣು, ಅಪ್ಪನದೇ ಗಿಡ್ಡ ಎತ್ತರ. ಬಾಗಿಲ ಚೌಕಟ್ಟಿಗೆ ಒರಗಿ, ಒಳಗೆ ಬಾರದೆ ನಿಂತಳು.

"ಡು ಯೂ ಕ್ಯಾರಿ?" ಎಂದು ನನ್ನನ್ನು ಕೇಳಿದಳು.

"ಇವತ್ತಿಲ್ಲ," ಎಂದೆ.

ಪೆಟ್ಟಿಗೆಯೊಳಗೆ ಮೂರು ಪಿಸ್ತೂಲು, ತೇವ ಅಳೆಯುವ ಪುಟ್ಟ ಮೀಟರು, ಮತ್ತು ನೋಟ್‌ಬುಕ್. ಮೊದಲನೆಯದನ್ನು ತೆಗೆದೆ. ಮ್ಯಾಗಜೀನ್, ಸ್ಲೈಡು, ಕಣ್ಣು, ಬೆರಳು, ಕಣ್ಣು. ಎರಡನೆಯದು. ಮೂರನೆಯದು ಹಳೆಯದು, ಅಂಚುಗಳ ಬಣ್ಣ ಸವೆದದ್ದು. ಎಣ್ಣೆ ಹಚ್ಚಿ ಫಳಫಳ ಇಟ್ಟಿದ್ದರು. ಸ್ಲೈಡಿನ ಹಿಂಬದಿಯ ಗೀರುಗಳಲ್ಲಿ ಮಾತ್ರ ಏನೋ ಕೆಂಪು ಕೂತಿತ್ತು. ತುಕ್ಕೆಂದುಕೊಂಡು ಉಗುರಿನಿಂದ ಕೆರೆದೆ. ತುಕ್ಕಲ್ಲ. ಕುಂಕುಮ. ಅಷ್ಟು ವರ್ಷ ಎಲ್ಲವನ್ನೂ ಒರೆಸಿದ ಮನುಷ್ಯ ಅದೊಂದನ್ನು ಒರೆಸಿರಲಿಲ್ಲ.

ಆಂಟಿ ಸೆರಗು ಬಾಯಿಗೊತ್ತಿಕೊಂಡು ಹಾಲಿಗೆ ಹೋದರು. ನಾನು ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಬೆರಳು ಹಾಕಿ ನೋಡಿ, ಎತ್ತಿಡಬೇಕೆಂದು ತಿರುಗಿದಾಗ ಅವಳು ಕೋಣೆಯೊಳಗೆ ಬಂದಿದ್ದಳು. ಕೈ ಚಾಚಿದ್ದಳು.

ಖಾಲಿ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ನೀನೇ ನೋಡು," ಎಂದು ಕೊಟ್ಟೆ.

ಅವಳು ಕಿಟಕಿಯ ಬೆಳಕಿಗೆ ತಿರುಗಿಸಿ ತಲೆ ಓರೆ ಮಾಡಿ ಇಣುಕಿದಳು. ಕಿರುಬೆರಳನ್ನು ಒಳಗೆ ಹಾಕಿದಳು. ಹಾಕಿದ್ದನ್ನು ಬೇಗ ತೆಗೆಯಲಿಲ್ಲ. ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಹತ್ತಿರ ಬಂದು ದೂರ ಹೋಯಿತು.

"ಖಾಲಿ ಐತಿ," ಎಂದಳು. ಆಂಟಿ ಹಾಲಿನಲ್ಲಿ ಅಳುವುದನ್ನು ನಿಲ್ಲಿಸಿದ್ದು ಕೇಳಿಸಿತು.

ಪಿಸ್ತೂಲನ್ನು ಅವಳಿಂದ ತೆಗೆದುಕೊಂಡು, ಪೆಟ್ಟಿಗೆಯಲ್ಲಿ ಇಡುವ ಮೊದಲು ನಾನು ಮತ್ತೊಮ್ಮೆ ನೋಡಿದೆ.